ಎಂಟುನೂರ ನಲವತ್ತು ಪದಗಳ ಹೆಂಗಸು

ಕುರೆಬಯಾಶಿ ಮಸಾಯೊ ಎಂಬ ಐವತ್ತೊಂದು ವರ್ಷದ ಹೆಂಗಸಿಗೆ ಎಂಟುನೂರ ನಲವತ್ತು ಇಂಗ್ಲಿಷ್ ಪದಗಳು ಗೊತ್ತು ಎಂದು ಒಂದು ಹಾಳೆಯಲ್ಲಿ ಅಚ್ಚಾಗಿತ್ತು. ಆ ಹಾಳೆಯನ್ನು ನಮ್ಮ ತಂಗುಮನೆಯ ಪರಿಚಾರಿಕೆಯರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಲಾಗಿತ್ತು. ಹೆಚ್ಚು ಪದ ಗೊತ್ತಿರುವವರು ಮೇಲೆ, ಕಡಿಮೆ ಗೊತ್ತಿರುವವರು ಕೆಳಗೆ. ಹನ್ನೊಂದು ಹೆಸರುಗಳಲ್ಲಿ ಅವರದು ಕೊನೆಯದು.

ಆ ಪರೀಕ್ಷೆಯ ಹಾಳೆಗಳನ್ನು ಹಂಚಿದವಳು ನಾನು. "ಇದರ ಫಲಿತಾಂಶದಿಂದ ನಿಮ್ಮ ಕೆಲಸಕ್ಕೆ ಯಾವ ತೊಂದರೆಯೂ ಆಗುವುದಿಲ್ಲ" ಎಂಬ ಸಾಲನ್ನು ಎಲ್ಲರಿಗೂ ಕೇಳಿಸುವಂತೆ ಓದಿದವಳೂ ನಾನೇ.

ನಾನು ಈ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತೇನೆ. ಮೊದಲ ವರ್ಷದಿಂದಲೂ ರಜಾದಿನಗಳಲ್ಲಿ, ನದಿದಂಡೆಯ ಈ ಬಿಸಿನೀರಿನ ಬುಗ್ಗೆಯ ತಂಗುಮನೆಯಲ್ಲಿ ಊಟದ ಹರಿವಾಣ ಹೊರುತ್ತೇನೆ. ನಮ್ಮ ಪ್ರೊಫೆಸರ್ ಸೊನೊದಾ ಸೆನ್ಸೇ, ಇಂಗ್ಲಿಷ್ ಕಲಿಯುವವರಿಗೆ ಎಷ್ಟು ಪದ ಗೊತ್ತಿದೆ ಎಂದು ಅಳೆಯುವುದರಲ್ಲೇ ಇಪ್ಪತ್ತು ವರ್ಷ ಕಳೆದವರು. "ಕಾಲೇಜು ಹುಡುಗಿಯರನ್ನು ಅಳೆದು ಅಳೆದು ಬೇಜಾರಾಗಿದೆ. ದುಡಿಯುವವರನ್ನು ಅಳೆಯಬೇಕು. ನೀನು ಆ ತಂಗುಮನೇಲಿ ಕೆಲಸ ಮಾಡ್ತೀಯಲ್ಲ, ಚಿನಾತ್ಸು?" ಎಂದು ಕೇಳಿದರು. ಎರಡು ವರ್ಷದ ಹಿಂದೆ ಈ ತಂಗುಮನೆಯನ್ನು ದೂರದ ನಗರದ ಒಂದು ಕಂಪನಿ ಕೊಂಡಿತ್ತು. ಅದು ಕಳಿಸಿದ ಮ್ಯಾನೇಜರ್ ಕುನಿಮಾತ್ಸು ಅವರು ಕೇಳಿದ ತಕ್ಷಣ ಒಪ್ಪಿದರು. ಅಷ್ಟು ಬೇಗ ಯಾಕೆ ಒಪ್ಪಿದರು ಎಂದು ನಾನು ಆಗ ಯೋಚಿಸಲಿಲ್ಲ.

ಪರೀಕ್ಷೆ ಸರಳ. ನೂರೈವತ್ತು ಪದಗಳ ಒಂದು ಪಟ್ಟಿ. ಗೊತ್ತಿರುವ ಪದದ ಮುಂದೆ ಗುರುತು ಹಾಕಬೇಕು, ಅಷ್ಟೇ, ಅರ್ಥ ಬರೆಯಬೇಕಿಲ್ಲ. ಅವುಗಳಲ್ಲಿ ನೂರಿಪ್ಪತ್ತು ನಿಜವಾದ ಪದಗಳು. ಒಂದೊಂದೂ ನಲವತ್ತು ಪದಗಳ ಪರವಾಗಿ ನಿಂತಿರುತ್ತದೆ. ಉಳಿದ ಮೂವತ್ತು ಸುಳ್ಳು ಪದಗಳು. ಯಾವ ನಿಘಂಟಿನಲ್ಲೂ ಇಲ್ಲದ ಅವನ್ನು ಸೆನ್ಸೇ ತಮ್ಮ ಮೇಜಿನ ಮುಂದೆ ಕೂತು ಹುಟ್ಟಿಸಿದ್ದರು. ಗೊತ್ತಿಲ್ಲದೆಯೂ ಗೊತ್ತು ಎನ್ನುವವರು ಅಲ್ಲಿ ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದಷ್ಟು ಅಂಕ ಕಳೆಯಬೇಕು. ಗೊತ್ತಿದ್ದೂ ಗೊತ್ತು ಎನ್ನದವರನ್ನು ಹಿಡಿಯುವ ಉಪಾಯ ಮಾತ್ರ ಆ ಹಾಳೆಯಲ್ಲಿ ಇರಲಿಲ್ಲ. ಮೂರು ವರ್ಷ ಆ ಹೆಂಗಸರ ನಡುವೆ ಓಡಾಡಿದ ನನಗಾದರೂ ಅದು ಹೊಳೆಯಬೇಕಿತ್ತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಹಳೆಯ ಅತಿಥಿಗಳು ಹೊರಟು ಹೊಸಬರು ಬರುವ ಮುನ್ನ, ಊಟದ ಸಭಾಂಗಣದಲ್ಲಿ ಎಲ್ಲರೂ ಮೊಣಕಾಲೂರಿ ಕುಳಿತರು. ಪರಿಚಾರಿಕೆಯರಲ್ಲಿ ಎಲ್ಲರಿಗಿಂತ ಹಿರಿಯರಾದ ಕಿಯೊ ಅಕ್ಕ, "ಈ ವಯಸ್ಸಲ್ಲಿ ಪೆನ್ಸಿಲ್ ಹಿಡಿಸ್ತೀಯಲ್ಲೇ, ನಿನ್ನ ಮನೆ ಬೆಳಗ" ಎಂದು ನಕ್ಕರು. ನನ್ನ ಕಾಲೇಜಿನ ಕಿರಿಯಳು ಮೊಯೆಕಾ ಅದೇ ಬೇಸಿಗೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳು ಏಳು ನಿಮಿಷದಲ್ಲಿ ಮುಗಿಸಿದಳು. ಮಸಾಯೊ-ಸಾನ್ ಅವರ ಪೆನ್ಸಿಲ್ ಮಾತ್ರ, ನೀರಿನ ಮೇಲೆ ಕೂರಲು ಜಾಗ ಹುಡುಕುವ ಕೊಡತಿಹುಳದ ಹಾಗೆ, ಒಂದೊಂದು ಪದದ ಮೇಲೂ ಸುಳಿದು ಮುಂದೆ ಹೋಗುತ್ತಿತ್ತು. ಮೂವತ್ತೈದು ನಿಮಿಷವಾದ ಮೇಲೆ ಹಾಳೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು ತಲೆ ಬಾಗಿಸಿದರು.

"ಕ್ಷಮಿಸು ಚಿನಾ-ಚಾನ್. ಬಿಳಿ ಹಾಳೆನೇ ಕೊಟ್ಟ ಹಾಗಾಯ್ತು."

ಇಪ್ಪತ್ತೊಂದು ಗುರುತುಗಳಿದ್ದವು. ಇಪ್ಪತ್ತೊಂದು ನಲವತ್ತಲಿ ಎಂಟುನೂರ ನಲವತ್ತು. ಸುಳ್ಳು ಪದಗಳ ಮುಂದೆ ಒಂದೂ ಇರಲಿಲ್ಲ.

ಅಕ್ಟೋಬರಿನ ಕೊನೆಯಲ್ಲಿ ಬಾಗಿಲ ಮೇಲೆ ಹಾಳೆ ಬಂತು. ಪಟ್ಟಿಯ ಕೆಳಗೆ ಎರಡು ಸಾಲು: ಎರಡು ಸಾವಿರಕ್ಕಿಂತ ಕಡಿಮೆ ಇರುವವರು ನವೆಂಬರ್ ಒಂದರಿಂದ ಕೋಣೆಗಳಿಗೆ ಹೋಗುವಂತಿಲ್ಲ, ಪಾತ್ರೆ ಮತ್ತು ಬಟ್ಟೆಯ ವಿಭಾಗದಲ್ಲಿ ಕೆಲಸ ಮಾಡಬೇಕು. ವಿದೇಶಿ ಅತಿಥಿಗಳು ಹೆಚ್ಚುತ್ತಿರುವುದರಿಂದ ಈ ಏರ್ಪಾಡು, ಎಲ್ಲರ ಸಹಕಾರ ಕೋರುತ್ತೇವೆ.

ಮಸಾಯೊ-ಸಾನ್ ಅದನ್ನು ಓದಿದರು. ಸೊಂಟದ ಪಟ್ಟಿಯನ್ನು ಬಿಗಿದರು. ನಮ್ಮಲ್ಲಿ ಕೋಣೆಗಳಿಗೆ ಗಿಡಮರಗಳ ಹೆಸರು; ಅಂದು ಅವರ ಪಾಲಿಗೆ ಬಿದಿರು ಕೋಣೆಯಿತ್ತು. ಹೋಗಿ ಚಹಾ ಕೊಟ್ಟು ಬಂದರು.

ಇಪ್ಪತ್ತನಾಲ್ಕು ವರ್ಷದಿಂದ ಅವರು ಹಾಗೆ ಕೋಣೆಗಳಿಗೆ ಹೋಗುತ್ತಿದ್ದರು. ಕೆಳಗಿನ ಬಂದರಿನವರು. ಹೈಸ್ಕೂಲು ಮುಗಿಸಿ ಮೀನು ಒಣಗಿಸುವ ಕೆಲಸ, ಮದುವೆ, ಇಪ್ಪತ್ತೇಳರಲ್ಲಿ ಇಲ್ಲಿಗೆ. ಮೂವತ್ತೆರಡರಲ್ಲಿ ಗಂಡ ತೀರಿಕೊಂಡಾಗ ಹದಿನೈದು ದಿನ ರಜ ಹಾಕಿದ್ದರಂತೆ; ಅದು ಬಿಟ್ಟರೆ ಚಳಿಜ್ವರಕ್ಕೂ ಮನೆಯಲ್ಲಿ ಉಳಿದವರಲ್ಲ. ಬಾಗಿಲನ್ನು ಮೊಣಕಾಲೂರಿ ಸರಿಸಿ, ಒಳಗಿರುವವರ ಮುಖ ನೋಡುವ ಆ ಒಂದು ಕ್ಷಣಕ್ಕಾಗಿಯೇ ತಾವು ಈ ಕೆಲಸ ಮಾಡುವುದು ಎಂದು ನನಗೊಮ್ಮೆ ಹೇಳಿದ್ದರು. "ಒಳಗೆ ಯಾರಿದಾರೆ, ದಣಿದಿದಾರಾ, ಜಗಳ ಆಡ್ಕೊಂಡಿದಾರಾ, ಅದೆಲ್ಲ ಬಾಗಿಲು ಒಂದು ಗೇಣು ಸರಿಯೋ ಅಷ್ಟರಲ್ಲಿ ಗೊತ್ತಾಗ್ಬಿಡತ್ತೆ ಕಣೇ. ಮಿಕ್ಕಿದ್ದು ಸುಮ್ನೆ ಚಹಾ."

ಆ ಬಾಗಿಲುಗಳನ್ನು ಅವರಿಂದ ಕಿತ್ತುಕೊಂಡಿದ್ದರು. ನನ್ನ ಕೈಯ ಮೂಲಕ.

ಮರುದಿನ ಮಧ್ಯಾಹ್ನ ಹಾಸಿಗೆ ಹೊದಿಕೆ ಮಡಿಸುವ ಕೋಣೆಯಲ್ಲಿ ಅವರೊಬ್ಬರೇ ಸಿಕ್ಕರು. ನಾನು ಪರೀಕ್ಷೆಯ ಪಟ್ಟಿಯನ್ನು ತೆಗೆದೆ.

"ಮಸಾಯೊ-ಸಾನ್, 'ಲಿಂಪ್' ಅನ್ನೋ ಪದಕ್ಕೆ ನೀವು ಗುರುತು ಹಾಕಿಲ್ಲ. ಅದೇನು?"

"ಮತ್ತೆ ಪರೀಕ್ಷೆನಾ? ಸಾಕು ಬಿಡೇ."

"ಸುಮ್ನೆ ಹೇಳಿ."

ಅವರು ಹೊದಿಕೆಯನ್ನು ಕೆಳಗಿಟ್ಟರು. ಎದ್ದು, ಎಡಗಾಲನ್ನು ಎಳೆದುಕೊಂಡು ಕೋಣೆಯ ಆ ತುದಿಯವರೆಗೆ ನಡೆದು ತೋರಿಸಿದರು. "ಹೀಗೆ. ಪೈನ್ ಕೋಣೆ, ಹಾಲೆಂಡಿನ ಮುದುಕ. ಬಂದವನೇ ಹೇಳ್ದ, ನಾನು ಲಿಂಪ್ ಮಾಡ್ತೀನಿ, ನಿಧಾನಕ್ಕೆ ಹೋಗಮ್ಮ ಅಂತ. ಮಾರನೇ ದಿನ ಎರಡು ಮೆಟ್ಟಲಿಗೂ ಹಲಗೆ ಹಾಕ್ಸಿದ್ದೆ."

"'ಇಚ್'?"

"ಸೇವಂತಿಗೆ ಕೋಣೆ. ಗಂಧಕದ ನೀರು ಒಗ್ಗದೆ ಆ ಹುಡುಗಿ ರಾತ್ರಿಯೆಲ್ಲ ಪರಪರ ಕೆರ್ಕೊಂಡಿದ್ಲು, ಪಾಪ."

"'ಸ್ಟಬರ್ನ್'?"

"ಅದೇ ಕೋಣೆ, ಬೇರೆ ವರ್ಷ. ಹೆಂಡ್ತಿ ಗಂಡನ್ನ ತೋರ್ಸಿ ಹೇಳ್ತಿದ್ಲು. ಆ ಗಂಡನ್ನ ನೋಡಿದ್ರೆ ಅರ್ಥ ಬಿಡಿಸಿ ಹೇಳೋದೇ ಬೇಡ. ಕೋಣ!" ಎಂದು ನಕ್ಕರು.

ಹದಿನಾಲ್ಕು ಕೋಣೆಗಳಲ್ಲೂ ಅವರ ಪದಗಳಿದ್ದವು. ಪುಸ್ತಕದಿಂದ ಬಂದದ್ದು ಒಂದೂ ಇಲ್ಲ. ಯಾರೋ ಒಬ್ಬರ ಬಾಯಿ, ಯಾರೋ ಒಬ್ಬರ ನೋವು, ಕಿಟಕಿಯಾಚೆ ಯಾವುದೋ ವರ್ಷದ ಹಿಮ, ಇವೆಲ್ಲದರ ಜೊತೆಗೇ ಒಂದೊಂದು ಪದವೂ ಉಳಿದಿತ್ತು. ನಾನು ಓದುತ್ತಾ ಹೋದೆ, ಅವರು ಕೋಣೆಯಿಂದ ಕೋಣೆಗೆ ಹೋದರು. ಪತ್ರಿಕೆಯ ಪದಗಳು, ಸರ್ಕಾರದ ಪದಗಳು ಬಂದಾಗ "ಊಹೂಂ, ಅಂಥವರು ಯಾರೂ ಬಂದಿಲ್ಲ" ಎಂದರು.

"'ವಿಡೋ'?"

ಹೊದಿಕೆಯ ಅಂಚನ್ನು ನೇವರಿಸಿದರು.

"ಪ್ಲಮ್ ಕೋಣೆ. ಒಬ್ಬಳೇ ಬಂದಿದ್ಲು. ಎರಡು ಲೋಟ ಇಡು ಅಂದ್ಲು. ಎದುರಿಗೆ ಎರಡನೇ ಲೋಟ ಇಟ್ಟು, ನಾನು ವಿಡೋ ಅಂದ್ಲು. ನಾನೂ ಅದೇ ಅಂತ ಹೇಳಬೇಕು ಅನ್ನಿಸ್ತು. ಹೇಳ್ಲಿಲ್ಲ. ಚಹಾ ಮಾತ್ರ ಎರಡು ಲೋಟಕ್ಕೂ ಹಾಕ್ದೆ."

"ಇದು ಗೊತ್ತಿದ್ದೂ ಯಾಕೆ ಗುರುತು ಹಾಕ್ಲಿಲ್ಲ?" ನನ್ನ ದನಿ ಜೋರಾಗಿತ್ತು.

ಅವರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು.

"'ಗೊತ್ತು' ಅಂತ ಹೇಗೆ ಹೇಳೋದು? ನಾನಿಲ್ಲಿ ಸೇರಿದ ಮೊದಲ ವಾರ, ಅತಿಥಿ ಒಬ್ರು ಈ ನದಿಗೆ ಈ ಹೆಸರು ಹೇಗೆ ಬಂತು ಗೊತ್ತಾ ಅಂದ್ರು. ಗೊತ್ತು ಅಂದ್ಬಿಟ್ಟೆ. ಕಿಯೊ ಅಕ್ಕ ಹೊರಗೆ ಕರ್ಕೊಂಡು ಹೋಗಿ ಬೈದಿದ್ದು ಇವತ್ತಿಗೂ ಕಿವೀಲಿದೆ. 'ಗೊತ್ತು ಅಂದ್ರೆ ಅವರ ಮಾತು ಅಲ್ಲಿಗೇ ಮುಗೀತು. ನೀನು ಅವರ ಬಾಯಿ ಮುಚ್ಚಿಸಿದ ಹಾಗೆ. ನಾವು ಆ ಮಾತು ಆಡೋ ಹಾಗಿಲ್ಲ.' ಆಮೇಲೆ ಯಾವತ್ತೂ ಆಡಿಲ್ಲ. ನೀನು ಅಷ್ಟು ಜನರ ಮುಂದೆ, ಗೊತ್ತಿರೋದಕ್ಕೆ ಗುರುತು ಹಾಕಿ ಅಂದೆ. ಇನ್ನೊಬ್ರಿಗೆ ಕಲಿಸೋ ಅಷ್ಟು ಗಟ್ಟಿ ಇರೋದಕ್ಕೆ ಮಾತ್ರ ಹಾಕ್ದೆ. ಬಿಸಿ, ತಣ್ಣಗೆ, ಅನ್ನ, ಮೀನು."

ಇಪ್ಪತ್ತು ವರ್ಷ ಆ ತಂಗುಮನೆಯ ಅನ್ನ ಉಂಡವರೆಲ್ಲ ಪಟ್ಟಿಯ ಕೆಳಭಾಗದಲ್ಲಿದ್ದರು. ಕಿಯೊ ಅಕ್ಕ ಕೆಳಗಿನಿಂದ ಎರಡನೆಯವರು. ಯಾಕೆ ಎಂದು ಆಗ ನನಗೆ ಅರ್ಥವಾಯಿತು.

ಮೊದಲು ಗುರುತು ಹಾಕಿದ್ದವೂ ಸೇರಿ ಮಸಾಯೊ-ಸಾನ್‌ಗೆ ಅರ್ಥ ಗೊತ್ತಿದ್ದ ಪದಗಳು ಅರವತ್ತೇಳು. ಅವರ ಅಳತೆ ಎರಡು ಸಾವಿರದ ಆರುನೂರ ಎಂಬತ್ತು.

ಆ ಪಟ್ಟಿಯನ್ನು ಹಿಡಿದು ಕುನಿಮಾತ್ಸು ಅವರ ಬಳಿ ಹೋದೆ. ಅವರು ಸಿಟ್ಟಾಗುವ ಮನುಷ್ಯರಲ್ಲ. ಕುರ್ಚಿ ಎಳೆದುಕೊಟ್ಟರು, ಕಿತ್ತಳೆ ಹಣ್ಣು ಕೊಟ್ಟರು.

"ಮಸಾಯೊ-ಸಾನ್ ಕೆಲಸದ ಬಗ್ಗೆ ಎರಡು ಮಾತೇ ಇಲ್ಲ. ಆದ್ರೆ ನೋಡು, ಎಲ್ಲರಿಗೂ ಒಂದೇ ಅಳತೆ ಇರ್ಬೇಕಲ್ವಾ? ಒಬ್ಬರಿಗೆ ನೀನು ಪಕ್ಕದಲ್ಲಿ ಕೂತು ಬಾಯಲ್ಲಿ ಕೇಳಿದ್ರೆ ಅದು ನ್ಯಾಯಾನಾ?"

"ಹಾಗಾದ್ರೆ ಎಲ್ಲರಿಗೂ ಬಾಯಲ್ಲೇ ಕೇಳೋಣ. ಮೊಯೆಕಾ ಹದಿನೇಳು ಸುಳ್ಳು ಪದಗಳಿಗೆ ಗುರುತು ಹಾಕಿದಾಳೆ. ಅಂಕ ಕಳೀಬೇಕಿತ್ತು, ಕಳೆದಿಲ್ಲ."

"ಅದನ್ನು ನಾನೇ ಬೇಡ ಅಂದೆ. ಸುಳ್ಳು ಪದ, ಕಳೆಯೋದು, ಇದೆಲ್ಲ ಹೆಡ್ ಆಫೀಸಿನವರಿಗೆ ಗೊಂದಲ. ಸಂಖ್ಯೆ ಅಂದ್ರೆ ನೇರ ಇರ್ಬೇಕು. ಈಗಾಗ್ಲೇ ಕಳಿಸಿಯಾಗಿದೆ ಬೇರೆ," ಎಂದರು.

"ಕೆಲಸಕ್ಕೆ ತೊಂದರೆಯಾಗಲ್ಲ ಅಂತ ಓದಿದ್ದೆ ನಾನು."

"ಅದು ನಿಮ್ಮ ಕಾಲೇಜಿನ ಮಾತು. ನಮ್ಮದಲ್ಲ."

ಕಿತ್ತಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ. ಕಾಲೇಜಿಗೆ ಹೋದರೆ ಸೊನೊದಾ ಸೆನ್ಸೇ ನನ್ನ ಮಾತನ್ನು ಕಣ್ಣರಳಿಸಿ ಕೇಳಿದರು. ಅವರಿಗೆ ಸಂತೋಷವಾಗಿತ್ತು.

"ಬಹಳ ಸ್ವಾರಸ್ಯ. ವಿನಯದಿಂದ ಅಳತೆ ತಗ್ಗುತ್ತೆ. ಲೇಖನದ ಕೊನೆಯಲ್ಲಿ, ಮಿತಿಗಳು ಅನ್ನೋ ಭಾಗದಲ್ಲಿ ಒಂದು ಸಾಲು ಸೇರಿಸೋಣ."

"ಸೆನ್ಸೇ, ನಾಳೆಯಿಂದ ಅವರು ಪಾತ್ರೆ ತೊಳೀಬೇಕು."

"ಅದು ದುಃಖದ ವಿಷಯ. ಆದ್ರೆ ತಂಗುಮನೆಯ ಆಡಳಿತ ನಮ್ಮ ಕೈಯಲ್ಲಿಲ್ಲವಲ್ಲ."

ಒಂದು ಸಾಲು. ಇಪ್ಪತ್ತನಾಲ್ಕು ವರ್ಷ ದುಡಿದ ಹೆಂಗಸು ಲೇಖನದ ಕೊನೆಯಲ್ಲಿ ಒಂದು ಸಾಲಾಗಲಿದ್ದರು, ಅದರಲ್ಲೂ ಹೆಸರಿಲ್ಲದೆ. ಆ ಲೇಖನದಿಂದ ನನ್ನ ಹೆಸರನ್ನು ತೆಗೆಯಿರಿ ಎಂದೆ. "ಸಿಟ್ಟು ಆರಿದ ಮೇಲೆ ಮಾತಾಡೋಣ" ಎಂದರು. ಇನ್ನೂ ಮಾತಾಡಿಲ್ಲ.

ನವೆಂಬರಿನಲ್ಲಿ ಎಲೆಗಳು ಬಣ್ಣ ತಿರುಗಿ ಬೆಟ್ಟ ಕೆಂಪಾಯಿತು. ಹದಿನಾಲ್ಕು ಕೋಣೆಗಳೂ ತುಂಬಿದವು. ಮಸಾಯೊ-ಸಾನ್ ರಬ್ಬರಿನ ಬೂಟು, ಪ್ಲಾಸ್ಟಿಕ್ ಏಪ್ರನ್ ತೊಟ್ಟು ಹಿಂಬದಿಯ ಕೆಳಗಿನ ಅಡುಗೆಮನೆಯಲ್ಲಿ ಮೆರುಗೆಣ್ಣೆ ಹಚ್ಚಿದ ಮರದ ಬಟ್ಟಲುಗಳನ್ನು ತೊಳೆದರು. ಕಿಯೊ ಅಕ್ಕ ಬಟ್ಟೆ ವಿಭಾಗಕ್ಕೆ ಹೋದವರು ವಾರದೊಳಗೆ ಸೊಂಟ ಹಿಡಿದು ಮನೆಯಲ್ಲಿ ಉಳಿದರು, ಮತ್ತೆ ಬರಲಿಲ್ಲ.

ಮೊದಲ ಶನಿವಾರವೇ ಕೆಳಗೆ ಕರೆ ಬಂತು. ಪೈನ್ ಕೋಣೆಯ ಅಜ್ಜಿಯೊಬ್ಬರು ಊಟ ಮುಟ್ಟುತ್ತಿಲ್ಲ, ಏನೋ ಹೇಳುತ್ತಿದ್ದಾರೆ, ಮೊಯೆಕಾಗೆ ತಿಳಿಯುತ್ತಿಲ್ಲ. "ಒಂದು ನಿಮಿಷ ಬಂದು ಹೋಗಿ, ಮಸಾಯೊ-ಸಾನ್." ಅವರು ಬೂಟು ಬಿಚ್ಚಿ, ಕೈ ಒರೆಸಿಕೊಂಡು ಹೋದರು. ಅಜ್ಜಿಗೆ ಹೊಸ ಹಲ್ಲುಕಟ್ಟು, ಅಗಿಯಲು ಆಗುತ್ತಿರಲಿಲ್ಲ. ಗಂಜಿ ಮಾಡಿಸಿ ಕೊಟ್ಟು ಕೆಳಗೆ ಬಂದರು. ಮರುದಿನ ಮತ್ತೆ ಕರೆ. ಅತಿಥಿಗಳ ತಪ್ಪೇನೂ ಇಲ್ಲವಲ್ಲ ಎಂದು ಅವರು ಹೋಗುತ್ತಿದ್ದರು. ನಾನಿದ್ದ ದಿನಗಳಲ್ಲೇ ಹನ್ನೊಂದು ಸಲ ಕರೆದರು. ಹನ್ನೊಂದು ಸಲವೂ ಹಿಂದಿನ ಮೆಟ್ಟಿಲಿನಿಂದ, ಏಪ್ರನ್ನನ್ನು ಬಾಗಿಲ ಹೊರಗೆ ಬಚ್ಚಿಟ್ಟು.

ಡಿಸೆಂಬರಿನ ಎರಡನೇ ಶನಿವಾರ ಅವರು ಹೋಗಲಿಲ್ಲ.

ಕುನಿಮಾತ್ಸು ಅವರೇ ಕೆಳಗೆ ಬಂದಿದ್ದರು. "ಬಿದಿರು ಕೋಣೆಗೆ ಸ್ವಲ್ಪ..."

ಮಸಾಯೊ-ಸಾನ್ ತಲೆ ಎತ್ತಲಿಲ್ಲ. "ಅಲ್ಲಿಗೆ ಬೇಕಾಗಿರೋ ಪದ ನನ್ನ ಎಂಟುನೂರ ನಲವತ್ತರಲ್ಲಿ ಇದೆಯಾ ಅಂತ ಮೊದಲು ಪಟ್ಟಿ ನೋಡಿ, ಮ್ಯಾನೇಜರ್ ಅವರೇ. ಇಲ್ಲದಿದ್ರೆ ಸುಮ್ನೆ ನಿಮಗೆ ಅವಮಾನ."

ಅಡುಗೆಯವರು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಹಾಗನ್ನಬೇಡಿ. ಅತಿಥಿಗಳ ಮುಖ ನೋಡಿಯಾದ್ರೂ..."

"ಅತಿಥಿಗಳ ಮುಖ ನೋಡೋದಕ್ಕೇ ತಾನೇ ನೀವು ನನ್ನ ಬಿಡ್ತಿಲ್ಲ?"

ಅಷ್ಟರಲ್ಲಿ ಬಿದಿರು ಕೋಣೆಯಿಂದ ಮೊಯೆಕಾ ಮೆಟ್ಟಿಲಿಳಿದು ಬಂದಳು. ಅತ್ತು ಮುಖ ಕೆಂಪಾಗಿತ್ತು. ಅವಳ ಮೇಲೆ ನನಗೆ ತಿಂಗಳಿಂದ ಸಿಟ್ಟಿತ್ತು. "ನಾಲ್ಕು ಸಾವಿರ ಪದದವಳಲ್ವೇನೇ ನೀನು?" ಎಂದುಬಿಟ್ಟೆ.

"ಅವೆಲ್ಲ ಪರೀಕ್ಷೆ ಪುಸ್ತಕದಲ್ಲಿ ಎಲ್ಲೋ ನೋಡಿದ ಹಾಗಿತ್ತು, ಚಿನಾತ್ಸು-ಸಾನ್. ಮುಖಪರಿಚಯ ಅಷ್ಟೇ," ಎಂದು ಬಿಕ್ಕಿದಳು. "ಖಾಲಿ ಬಿಟ್ರೆ ದಡ್ಡಿ ಅಂತಾರೆ ಅಂತ ಹಾಕ್ದೆ. ನಂಗೇನು ಗೊತ್ತು ಇವರನ್ನ ಇಲ್ಲಿಗೆ ತಳ್ತಾರೆ ಅಂತ!"

ಮಸಾಯೊ-ಸಾನ್ ನಲ್ಲಿ ನಿಲ್ಲಿಸಿದರು. "ಅಳಬೇಡ. ಅವರು ಹೊಟ್ಟೆ ಮೇಲೆ ಕೈ ಇಟ್ಕೊಂಡಿದ್ರಾ, ಎದೆ ಮೇಲಾ?"

"ಹೊಟ್ಟೆ."

"ಬಿಸಿನೀರು ಕೊಟ್ಟು ಪಕ್ಕದಲ್ಲಿ ಕೂತ್ಕೋ. ಗೊತ್ತಾಯ್ತು ಗೊತ್ತಾಯ್ತು ಅನ್ನಬೇಡ. ಇನ್ನೊಂದ್ಸಲ ಹೇಳಿ ಅಂತ ಕೇಳು. ಹತ್ತು ಸಲ ಕೇಳಿದ್ರೂ ಯಾರೂ ಹೊಡೆಯಲ್ಲ." ಅವಳನ್ನು ಕಳಿಸಿ ಮತ್ತೆ ನಲ್ಲಿ ತಿರುಗಿಸಿದರು. ಮ್ಯಾನೇಜರ್ ಇನ್ನೂ ಅಲ್ಲೇ ನಿಂತಿದ್ದರು. ನೀರಿನ ಸದ್ದು ಅವರನ್ನು ಹೊರಗೆ ಕಳಿಸಿತು.

ಮರುದಿನ ಭಾನುವಾರ. ಮೂರು ಗಂಟೆಗೆ ರೈಲು ನಿಲ್ದಾಣದಿಂದ ನಮ್ಮ ಬಸ್ಸು ಬರುತ್ತದೆ. ಆ ಹೊತ್ತಿಗೆ ಎಲ್ಲರೂ ಮುಂಬಾಗಿಲಲ್ಲಿ ಎರಡು ಸಾಲಾಗಿ ನಿಲ್ಲಬೇಕು. ಬಸ್ಸು ತಿರುವಿನಲ್ಲಿ ಕಂಡ ಕ್ಷಣದಿಂದ ಕೊನೆಯ ಅತಿಥಿ ಒಳಗೆ ಹೋಗುವವರೆಗೆ ಯಾರೂ ಕದಲಬಾರದು, ತಮ್ಮೊಳಗೆ ಮಾತಾಡಬಾರದು. ಕಂಪನಿ ಬಂದ ಮೇಲೆ ಈ ಶಿಸ್ತು ಇನ್ನೂ ಬಿಗಿಯಾಗಿತ್ತು. ಅತಿಥಿಗಳು ಬಸ್ಸಿನಿಂದಲೇ ಚಿತ್ರ ತೆಗೆಯುತ್ತಾರೆ.

ಮೂರಕ್ಕೆ ಎರಡು ನಿಮಿಷವಿದ್ದಾಗ ಮಸಾಯೊ-ಸಾನ್ ಬಂದರು. ಬೂದು ನೀಲಿಯ ಕಿಮೊನೊ, ಹೊಸದಾಗಿ ಕಟ್ಟಿದ ತಲೆಗೂದಲು. ಸಾಲಿನಲ್ಲಿ ಅವರ ಜಾಗ ಮೊದಲನೆಯದಾಗಿತ್ತು. ಆ ಜಾಗದಲ್ಲಿ ನಿಂತಿದ್ದ ಮೊಯೆಕಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಅವಳ ಪಕ್ಕದವರು ಇನ್ನೊಂದು ಹೆಜ್ಜೆ. ಹೀಗೆ ಇಡೀ ಸಾಲು ಸರಿಯಿತು.

ಎದುರು ಸಾಲಿನ ತುದಿಯಲ್ಲಿದ್ದ ಕುನಿಮಾತ್ಸು ಬಿಳಿಚಿಕೊಂಡರು. "ಮಸಾಯೊ-ಸಾನ್, ಇದು ಸರಿಯಲ್ಲ. ಒಳಗೆ ಹೋಗಿ."

"ಕಳಿಸಿ," ಎಂದರು ಅವರು. ದನಿ ಏರಿರಲಿಲ್ಲ. "ಬಸ್ಸು ಬಂತು. ಅವರ ಕಣ್ಣೆದುರೇ ಕಳಿಸಿ. ಯಾಕೆ ಅಂತ ಕೇಳಿದ್ರೆ ಸಂಖ್ಯೆ ಹೇಳಿ."

ಬಸ್ಸು ತಿರುವಿನಲ್ಲಿ ಕಾಣಿಸಿತು. ಕಿಟಕಿಗಳಲ್ಲಿ ಫೋನು ಹಿಡಿದ ಕೈಗಳು. ನಾವೆಲ್ಲ ಬಗ್ಗಿದೆವು. ಬೇರೆ ದಾರಿಯಿರಲಿಲ್ಲ, ಕುನಿಮಾತ್ಸು ಅವರೂ ಬಗ್ಗಿದರು. ತಗ್ಗಿಸಿದ ತಲೆಯನ್ನು ಓರೆ ಮಾಡಿ ನೋಡಿದೆ, ಅವರ ಎರಡೂ ಕಿವಿಗಳು ಕೆಂಪಗಾಗಿದ್ದವು. ನನಗೆ ಕನಿಕರ ಬರಲಿಲ್ಲ.

ಮೊದಲು ಇಳಿದವರು ಎತ್ತರದ ಒಬ್ಬ ಮುದುಕಿ. ಮೆಟ್ಟಿಲ ಮೇಲೆ ನಿಂತು, ಕೋಲನ್ನು ಎಲ್ಲಿಡಬೇಕೆಂದು ತಿಳಿಯದೆ ತಡವರಿಸಿದರು. ಮಸಾಯೊ-ಸಾನ್ ಮುಂದೆ ಹೋಗಿ ಮೊಣಕೈ ಹಿಡಿದು ಇಂಗ್ಲಿಷಿನಲ್ಲಿ ಮೂರು ನಾಲ್ಕು ಮಾತು ಹೇಳಿದರು. ವ್ಯಾಕರಣ ಇರಲಿಲ್ಲ. ಮುದುಕಿ ನಕ್ಕು ತನ್ನ ಭಾರವನ್ನೆಲ್ಲ ಅವರ ತೋಳಿನ ಮೇಲೆ ಬಿಟ್ಟರು. ಇಬ್ಬರೂ ಒಳಗೆ ಹೋದರು. ಅಂದು ಆ ಮುದುಕಿಯ ಕೋಣೆಗೆ ಬೇರೆ ಯಾರೂ ಹೋಗಲಿಲ್ಲ.

ಮಾರನೆಯ ದಿನವೂ ಅವರು ಸಾಲಿನಲ್ಲಿ ನಿಂತರು, ಅದರ ಮಾರನೆಯ ದಿನವೂ. ಅವರನ್ನು ಯಾರೂ ಕಳಿಸಲಿಲ್ಲ. ಉಳಿಯಿರಿ ಎಂದೂ ಯಾರೂ ಹೇಳಿಲ್ಲ. ಕಾಗದದಲ್ಲಿ ಅವರು ಇವತ್ತಿಗೂ ಪಾತ್ರೆ ತೊಳೆಯುವವರೇ, ಸಂಬಳವೂ ಅದರದೇ. ಬೆಳಿಗ್ಗೆ ಬಟ್ಟಲು ತೊಳೆದು, ಮಧ್ಯಾಹ್ನ ಕೈಗೆ ಎಣ್ಣೆ ಹಚ್ಚಿಕೊಂಡು ಕಿಮೊನೊ ಉಡುತ್ತಾರೆ. ಒಂದು ದೇಹಕ್ಕೆ ಎರಡು ಕೆಲಸ. ಇದನ್ನು ಗೆಲುವು ಎಂದು ಬರೆಯಲು ನನ್ನಿಂದಾಗದು.

"ಸಿಟ್ಟು ಇಳೀತಾ?" ಎಂದು ಹೊಸವರ್ಷದ ಅಕ್ಕಿಕಡುಬು ತಿನ್ನುವಾಗ ಕೇಳಿದೆ.

"ಇಳಿದಿಲ್ಲ," ಎಂದರು ಅವರು. "ಕಿಯೊ ಅಕ್ಕನ್ನ ಮನೆಗೆ ಕಳಿಸಿದಾರೆ, ಇಳಿಯತ್ತಾ? ಏಪ್ರಿಲ್‌ನಲ್ಲಿ ಮತ್ತೆ ಅಳೀತಾರಂತೆ."

"ನಾನು ಹಾಳೆ ಹಂಚಲ್ಲ."

"ಬೇರೆ ಯಾರಾದ್ರೂ ಹಂಚ್ತಾರೆ. ನಾನು ಬರೆಯಲ್ಲ. ಬೇಕಿದ್ರೆ ಕುನಿಮಾತ್ಸು ಅವರು ನನ್ನ ಜೊತೆ ಒಂದೊಂದು ಕೋಣೆಗೂ ಬರಲಿ, ಬಾಗಿಲ ಹೊರಗೆ ಕೂತು ನನ್ನ ಪದ ಎಣಿಸ್ಕೊಳ್ಳಲಿ." ಬಾಯೊರೆಸಿಕೊಂಡು ಎದ್ದರು. ಮೂರು ಗಂಟೆಗೆ ಇನ್ನೂ ಕಾಲು ಗಂಟೆಯಿತ್ತು.